ಅಪ್‌ಡೇಟ್: ಟರ್ಬೊ ಆಸೆ ಬಿಟ್ಟೆ, ಹಳೇ 800 ಈಗ ಹಗುರಾಗಿ ಓಡ್ತಿದೆ

ಒಂದೂವರೆ ಲಕ್ಷದೊಳಗೆ ಜೋರಾಗಿ ಓಡೋ, ಪೆಟ್ರೋಲ್ ಕಮ್ಮಿ ಕುಡಿಯೋ ಕಾರು ಮಾಡ್ಬಹುದಾ, ನಮ್ಮ ಹಳೇ ಮಾರುತಿ 800ಕ್ಕೆ ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಪವರ್ ಏರಿಸೋ ಸಾಧನ) ಹಾಕಿಸ್ಲಾ ಅಂತ ಕೇಳಿದ್ದೆ. "ಮೊದ್ಲು ಗಾಡಿ ಸಲೀಸಾಗಿ ಉರುಳುತ್ತಾ ನೋಡು" ಅಂದ ಅಣ್ಣನಿಗೆ ದೊಡ್ಡ ನಮಸ್ಕಾರ.

ನ್ಯೂಟ್ರಲ್‌ನಲ್ಲಿಟ್ಟು, ಜಾಕ್ ಕೊಟ್ಟು ಮುಂದಿನ ಚಕ್ರ ಕೈಯಲ್ಲಿ ತಿರುಗಿಸಿದೆ. ಎಡಗಡೇದು ಅರ್ಧ ಸುತ್ತಿಗೇ ನಿಂತ್ಹೋಯ್ತು. ಬ್ರೇಕ್ ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು, ಪ್ಯಾಡ್ ಸದಾ ಡಿಸ್ಕಿಗೆ ಒತ್ಕೊಂಡಿತ್ತು. ಎಷ್ಟು ತಿಂಗಳು ಬ್ರೇಕ್ ಹಿಡ್ಕೊಂಡೇ ಓಡ್ಸಿದ್ದೀನೋ! ಎರಡೂ ಕಡೆ ಕ್ಯಾಲಿಪರ್ ಕಿಟ್, ಪ್ಯಾಡ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದೆ. ಪ್ಲಗ್, ಏರ್ ಫಿಲ್ಟರ್ ಹೊಸದು. ಮೇಲಿನ ಕ್ಯಾರಿಯರ್, ಡಿಕ್ಕೀಲಿದ್ದ ಸಬ್‌ವೂಫರ್ ತೆಗೆದೆ. ಸುಮಾರು 650 ಕಿಲೋ ಗಾಡಿಯಲ್ಲಿ 30 ಕಿಲೋ ಇಳಿದ್ರೂ ಪಿಕಪ್‌ನಲ್ಲಿ ಗೊತ್ತಾಗುತ್ತೆ. ಒಟ್ಟು ಖರ್ಚು 14,000 ರೂಪಾಯಿ.

ಫುಲ್ ಟ್ಯಾಂಕ್ ಲೆಕ್ಕದಲ್ಲಿ ಮೂರು ಸಲ ಅಳೆದೆ: ಮುಂಚೆ ಲೀಟರಿಗೆ 13, ಈಗ 18. ತುಮಕೂರು–ಶಿರಾ ಹೈವೇಲಿ 80ರಲ್ಲಿ ಹೋದ್ರೆ 20 ದಾಟುತ್ತೆ, 100ಕ್ಕೆ ಏರಿಸಿದ್ರೆ ಬೀಳುತ್ತೆ. ಗಾಳಿಯ ತಡೆ ವೇಗದ ವರ್ಗದಂತೆ ಏರೋದ್ರಿಂದ ವೇಗ 80ರಿಂದ 100ಕ್ಕೆ ಏರಿದ್ರೆ ತಡೆ ಸುಮಾರು ಒಂದೂವರೆಪಟ್ಟು ಆಗ್ಬಿಡುತ್ತೆ.

ಟರ್ಬೊಗೆ ಕ್ಲಚ್ಚು, ಇಸಿಯು (ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್), ಆರ್‌ಸಿ ತಕರಾರು ಎಲ್ಲಾ ಸೇರಿ ಬಜೆಟ್ ಮುಗೀತಿತ್ತು. ಉಳಿದ ದುಡ್ಡಲ್ಲಿ ನಾಲ್ಕು ಒಳ್ಳೇ ಟೈರ್ ತಗೊಂಡೆ. ಮುಂದಿನ ವಾರ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸ್ತೀನಿ.