ಆರ್ಕಿಡ್ ಮೊಗ್ಗು ಅರಳುವ ಮೊದಲೇ ಉದುರುತ್ತಿದೆ, ಎಲೆಯೂ ಜೋಲು ಬಿದ್ದಿದೆ. ಏನು ಮಾಡಲಿ?

ಕಿಟಕಿಮೂಲೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಫಲೆನಾಪ್ಸಿಸ್ ಆರ್ಕಿಡ್ ಇದೆ. ಪತಂಗದ ಥರ ಅಗಲ ರೆಕ್ಕೆಯ ಹೂ ಬಿಡುತ್ತದಲ್ಲ, ಅದೇ. ಹೂ ಇದ್ದಾಗಲೇ ಉಡುಗೊರೆಯಾಗಿ ಬಂದದ್ದು. ಹೆಚ್ಚುಕಡಿಮೆ ಮೂರು ತಿಂಗಳು ಹೂ ನಿಂತಿತ್ತು. ಆಮೇಲೆ ಒಂದು ವರ್ಷ ಎಲೆ ಬಿಟ್ಟುಕೊಂಡು ಸುಮ್ನೆ ಕೂತಿತ್ತು. ಈ ಸಲ ಹೊಸ ಹೂದಂಡು ಬಂತು, ಏಳು ಮೊಗ್ಗು. ದಿನಾ ಎಣಿಸುತ್ತಿದ್ದೆ.

ಹತ್ತು ದಿನದಿಂದ ಮೊಗ್ಗುಗಳು ಒಂದೊಂದಾಗಿ ಹಳದಿಯಾಗಿ, ಸುಕ್ಕುಗಟ್ಟಿ, ಮುಟ್ಟಿದರೆ ತೊಟ್ಟು ಸಮೇತ ಕೈಗೆ ಬರುತ್ತಿವೆ. ಈಗ ಮೂರು ಉಳಿದಿವೆ. ಕೆಳಗಿನ ಎರಡು ಎಲೆ ಹಳೇ ಚಪ್ಪಲಿಯ ಚರ್ಮದ ಥರ ಮೆತ್ತಗಾಗಿವೆ, ಮೇಲೆ ಉದ್ದುದ್ದ ಸುಕ್ಕು. ನೀರು ಸಾಲುತ್ತಿಲ್ಲ ಅಂದುಕೊಂಡು, ವಾರಕ್ಕೊಮ್ಮೆ ಹಾಕುತ್ತಿದ್ದದ್ದನ್ನು ಎರಡು ದಿನಕ್ಕೊಮ್ಮೆ ಮಾಡಿದೆ. ಬಾಡುವುದು ಇನ್ನೂ ಜಾಸ್ತಿ ಆಯಿತು! ಪೂರ್ವದ ಕಿಟಕಿ, ಎಳೆ ಬಿಸಿಲು ಬೀಳುತ್ತದೆ. ಹುಳ ಕಾಣುತ್ತಿಲ್ಲ. ಗೊಬ್ಬರ ಇಲ್ಲಿಯವರೆಗೆ ಹಾಕಿಲ್ಲ.

ಹೂಹುಚ್ಚು:
ಒಂದು ವರ್ಷ ಗೊಬ್ಬರ ಇಲ್ಲ ಅಂದರೆ ಗಿಡ ಹಸಿದಿದೆ ಕಣ್ರೀ. ನೀರಲ್ಲಿ ಕರಗುವ ಗೊಬ್ಬರ ಈ ವಾರವೇ ಶುರು ಮಾಡಿ, ಉಳಿದ ಮೂರು ಮೊಗ್ಗಾದರೂ ನಿಲ್ಲುತ್ತವೆ.

ಬಿಳಲು:
ಈಗ ಗೊಬ್ಬರ ಬೇಡ. ಬೇರು ಕೆಟ್ಟಿದ್ದರೆ ಗೊಬ್ಬರದ ಉಪ್ಪು ಇದ್ದಬದ್ದ ನೀರನ್ನೂ ಬೇರಿನಿಂದ ಎಳೆದುಬಿಡುತ್ತದೆ. ಹಸಿವಿನಿಂದ ಮೊಗ್ಗು ಹೀಗೆ ಸಾಲಾಗಿ ಉದುರುವುದು ನಾನಂತೂ ನೋಡಿಲ್ಲ.

ಕಿಟಕಿಮೂಲೆ ಅವರೇ, ಮೊದಲು ಇಷ್ಟು ಹೇಳಿ. ಕುಂಡ ಒಂದೇನಾ, ಅಥವಾ ಒಳಗೊಂದು ಹೊರಗೊಂದಾ? ಬೇರು ಕಾಣುತ್ತಿದ್ದರೆ ಯಾವ ಬಣ್ಣ? ಮೊಗ್ಗು ಬಂದ ಮೇಲೆ ಗಿಡದ ಜಾಗ ಬದಲಿಸಿದಿರಾ? ಹತ್ತಿರ ಫ್ಯಾನ್, ಏಸಿ ಗಾಳಿ ಬೀಸುತ್ತದಾ? ಅಕ್ಕಪಕ್ಕ ಹಣ್ಣು ಇಡುತ್ತೀರಾ?

ಕಿಟಕಿಮೂಲೆ:
ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಹೊರಗೆ ಪಿಂಗಾಣಿಯದು. ನೀವು ಕೇಳಿದ ಮೇಲೆ ಒಳಗಿನದನ್ನು ಎತ್ತಿ ನೋಡಿದೆ. ಪಿಂಗಾಣಿ ತಳದಲ್ಲಿ ಎರಡು ಬೆರಳು ನೀರು! ಕೆಟ್ಟ ವಾಸನೆ ಬೇರೆ. ಗೋಡೆಗೆ ಅಂಟಿಕೊಂಡ ಬೇರುಗಳಲ್ಲಿ ಮೂರ್ನಾಲ್ಕು ಹಸಿರು, ಉಳಿದವು ಕಂದು.

ಜಾಗ ಬದಲಿಸಿದ್ದು ನಿಜ. ಮೊಗ್ಗು ಚೆನ್ನಾಗಿ ಕಾಣಲಿ ಅಂತ ಹದಿನೈದು ದಿನದ ಹಿಂದೆ ಮೇಜಿನ ಮೇಲೆ, ಹಣ್ಣಿನ ಬುಟ್ಟಿ ಪಕ್ಕ ಇಟ್ಟೆ. ಹಣ್ಣಿಗೂ ಮೊಗ್ಗಿಗೂ ಏನು ಸಂಬಂಧ?

ಬಿಳಲು:
ಸಂಬಂಧ ಇದೆ. ಮಾಗುವ ಬಾಳೆ, ಸೇಬು, ಮಾವು ಎಲ್ಲ ಎಥಿಲೀನ್ ಅನಿಲ ಬಿಡುತ್ತವೆ. ಕಣ್ಣಿಗೆ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ಆದರೆ ಈ ಜಾತಿಯ ಮೊಗ್ಗಿಗೆ ಅದು ಸ್ವಲ್ಪ ಸೋಕಿದರೂ ಸಾಕು, ತೊಟ್ಟು ಕಳಚುತ್ತದೆ. ಅಂದರೆ ನಿಮ್ಮದು ಎರಡು ಪೆಟ್ಟು. ಮೊಗ್ಗಿಗೆ ಹಣ್ಣಿನ ಬುಟ್ಟಿ, ಎಲೆಗೆ ಆ ಎರಡು ಬೆರಳು ನೀರು. ಬುಟ್ಟಿ ಆ ಕಡೆ ಇಟ್ಟರೆ ಮುಗಿಯಿತು. ನೀರಿನದ್ದು ಹಾಗಲ್ಲ.

ಇದು ಮರದ ಮೇಲೆ ಕೂತು ಬೆಳೆಯುವ ಗಿಡ. ಬಂದಳಿಕೆ ಥರ ಮರದ ರಸ ಹೀರಲ್ಲ, ಕೊಂಬೆಯನ್ನು ಬರೀ ಅಪ್ಪಿಕೊಂಡಿರುತ್ತದೆ. ಮಳೆ ಬಂದಾಗ ನೆನೆಯುತ್ತದೆ, ಗಾಳಿಗೆ ಒಣಗುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ. ಒಣಗಿದ್ದಾಗ ಬೆಳ್ಳಿ ಬಣ್ಣ, ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. ಸದಾ ನೀರಲ್ಲೇ ನಿಂತರೆ ಉಸಿರಾಡಲು ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲ್ಲ. ಹಾಗಾಗಿ ನೀರಿನ ಮಧ್ಯೆಯೇ ಗಿಡ ಬಾಯಾರುತ್ತದೆ, ನೀರಿಲ್ಲದೆ ಒಣಗಿದ ಗಿಡದಲ್ಲಿ ಆಗುವಂತೆಯೇ ಎಲೆ ಸುಕ್ಕಾಗುತ್ತದೆ. ಎಲೆ ನೋಡಿ ನೀರು ಹಾಕುವವರೆಲ್ಲ ಮೋಸ ಹೋಗುವುದು ಇಲ್ಲೇ. ನಾನು ಹೀಗೆ ಎರಡು ಗಿಡ ಕಳೆದುಕೊಂಡಿದ್ದೇನೆ, ಎರಡನೆಯದು ಶುದ್ಧ ಮೊಂಡುತನದಿಂದ.

ಇವತ್ತೇ ಗಿಡ ಹೊರಗೆ ತೆಗೆಯಿರಿ. ಹೂದಂಡು ಇರುವಾಗ ಸಾಮಾನ್ಯವಾಗಿ ಕುಂಡ ಬದಲಿಸಬಾರದು, ಆದರೆ ಇದು ಕಾಯುವ ಪರಿಸ್ಥಿತಿ ಅಲ್ಲ. ಬುಡದ ನಟ್ಟನಡುವೆ ಬೆರಳು ಹಾಕಿ ನೋಡಿ. ಅಲ್ಲಿ ಒಂದು ಉಂಡೆ ಸಿಗಬಹುದು.

ಕಿಟಕಿಮೂಲೆ:
ಸಿಕ್ಕಿತು! ನಿಮಗೆ ಹೇಗೆ ಗೊತ್ತಾಯಿತು?

ಹಳೇ ಕಾಗದ ಹಾಸಿ ಕುಂಡ ಹಿಂಡಿದೆ, ಗಿಡ ಇಡಿಯಾಗಿ ಬಂತು. ಸುತ್ತಲಿನ ತೊಗಟೆ ಚೂರು ಪರವಾಗಿಲ್ಲ, ಉದುರಿದವು. ನಡುವೆ ಮಾತ್ರ ನಿಂಬೆಹಣ್ಣಿಗಿಂತ ದೊಡ್ಡ ಪಾಚಿ ಉಂಡೆ, ಬೇರುಗಳು ಅದನ್ನು ಹಿಡಿದುಕೊಂಡಿವೆ. ಹಿಂಡಿದರೆ ಕಂದು ನೀರು. ಆ ಉಂಡೆಯೊಳಗಿನ ಬೇರು ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದ ಥರ ಜಾರಿ ಬರುತ್ತದೆ, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಗಟ್ಟಿಯಾಗಿರುವ ಬೇರು ಲೆಕ್ಕ ಹಾಕಿದೆ: ಐದು.

ಬಿಳಲು:
ಐದು ಇದ್ದರೆ ಗಿಡ ಬದುಕುತ್ತದೆ. ಎಳೆ ಸಸಿಯಾಗಿದ್ದಾಗ ಪಾಚಿಯಲ್ಲಿ ಬೆಳೆಸಿ, ದೊಡ್ಡದಾದ ಮೇಲೆ ಸುತ್ತ ತೊಗಟೆ ತುಂಬಿ ಮಾರುತ್ತಾರೆ, ಉಂಡೆ ಒಳಗೇ ಉಳಿಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ನಡುವೆ ವಾರಗಟ್ಟಲೆ ಒದ್ದೆ.

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಮೆತ್ತಗಾದ ಬೇರೆಲ್ಲ ಕತ್ತರಿಸಿ, ಗಟ್ಟಿ ಇದ್ದದ್ದು ವಕ್ರವಾಗಿದ್ದರೂ ಬಿಡಿ. ಪಾಚಿ ಪೂರ್ತಿ ತೆಗೆಯಿರಿ. ಹೊಸ ತೊಗಟೆ ಚೂರು ಹಿಂದಿನ ರಾತ್ರಿ ನೆನೆಸಿ ಬಸಿದಿರಲಿ, ಇಲ್ಲದಿದ್ದರೆ ಅದಕ್ಕೆ ಹಾಕಿದ ನೀರು ಸುಮ್ನೆ ಜಾರಿ ಹೋಗುತ್ತದೆ. ಕುಂಡ ಚಿಕ್ಕದೇ ಬೇಕು, ಈ ಐದು ಬೇರು ಹಿಡಿಸುವಷ್ಟು. ದೊಡ್ಡ ಕುಂಡ ಅಂದರೆ ಮತ್ತೆ ಒಣಗದ ಜಾಗ. ಮೂರು ದಿನ ನೀರು ಬೇಡ.

ಇನ್ನು ಬೇಜಾರಿನ ವಿಷಯ. ಹೂದಂಡನ್ನು ಬುಡದಿಂದ ಸ್ವಲ್ಪ ಮೇಲೆ ಕತ್ತರಿಸಿಬಿಡಿ, ಮೂರು ಮೊಗ್ಗು ಇದ್ದರೂ.

ಕಿಟಕಿಮೂಲೆ:
ಬೇರೆ ದಾರಿ ಇಲ್ವಾ?

ಬಿಳಲು:
ಇದೆ. ಬಿಟ್ಟು ನೋಡಬಹುದು, ಒಂದೋ ಎರಡೋ ಅರಳಲೂಬಹುದು. ಆದರೆ ಐದು ಬೇರಿನ ಗಿಡ ಹೂವನ್ನೂ ಸಾಕಬೇಕು, ಹೊಸ ಬೇರೂ ಬಿಡಬೇಕು ಅಂದರೆ ಕಷ್ಟ. ನಾನಾದರೆ ಕತ್ತರಿಸುತ್ತೇನೆ. ದಂಡನ್ನು ನೀರಿನ ಲೋಟದಲ್ಲಿಡಿ, ಹಣ್ಣಿನಿಂದ ದೂರ.

ಮಣ್ಣುಕೈ:
ಕತ್ತರಿಸಿದ ಜಾಗಕ್ಕೆ ಚಕ್ಕೆ ಪುಡಿ ಹಚ್ಚಿ, ಬೂಷ್ಟು ಬರಲ್ಲ. ನಾನು ಬೇರಿಗೆಲ್ಲ ಉದುರಿಸುತ್ತೇನೆ.

ಬಿಳಲು:
ಗಾಯದ ಬಾಯಿಗೆ ಮಾತ್ರ ಆದರೆ ಸರಿ. ಒಳ್ಳೆ ಬೇರಿಗೆ ಉದುರಿಸಿದರೆ ಅದು ಒಣಗಿಸಿಬಿಡುತ್ತದೆ. ಇಲ್ಲಿ ಇರುವುದೇ ಐದು!

ಹೂಹುಚ್ಚು:
ಗೊಬ್ಬರದ ಮಾತು ವಾಪಸ್ ತಗೊಂಡೆ 😄 ನನ್ನ ಗಿಡವನ್ನೂ ಹೊರಗೆ ತೆಗೆದು ನೋಡಿದೆ. ಉಂಡೆ ಇತ್ತು. ಇಷ್ಟು ದಿನ ಹೇಗೆ ಬದುಕಿತ್ತೋ. ವಾರಕ್ಕೆ ಎಷ್ಟು ಸಲ ನೀರು ಅಂತ ಲೆಕ್ಕ ಇಟ್ಟುಕೊಳ್ಳಲಿ?

ಬಿಳಲು:
ವಾರದ ಲೆಕ್ಕ ಬಿಡಿ. ಕುಂಡದ ಗೋಡೆಗೆ ಅಂಟಿದ ಬೇರು ಬೆಳ್ಳಗಾಗಿ, ಎತ್ತಿದರೆ ಕುಂಡ ಹಗುರ ಅನಿಸಿದಾಗ ಹಾಕಿ. ಹಾಕುವಾಗ ಧಾರಾಳವಾಗಿ, ತಳದಿಂದ ಸುರಿದು ಹೋಗುವಷ್ಟು. ಪೂರ್ತಿ ಬಸಿದ ಮೇಲೆ ಮಾತ್ರ ಪಿಂಗಾಣಿ ಒಳಗೆ ಇಡಿ. ಸುಳಿಯಲ್ಲಿ ನೀರು ನಿಂತರೆ ಕಾಗದದ ತುದಿಯಿಂದ ಹೀರಿ ತೆಗೆಯಿರಿ. ಬೇರು ಹೋದರೆ ಮತ್ತೆ ಬರುತ್ತದೆ, ಈ ಗಿಡಕ್ಕೆ ಬೆಳೆಯುವ ತುದಿ ಸುಳಿ ಒಂದೇ.

ಕಿಟಕಿಮೂಲೆ (ಎರಡೂವರೆ ತಿಂಗಳ ನಂತರ):
ದಂಡು ಕತ್ತರಿಸಿದೆ. ಲೋಟದಲ್ಲಿ ಒಂದು ಮೊಗ್ಗು ಅರಳಿತು, ಅಂಗೈಯ ಅರ್ಧದಷ್ಟು ಸಣ್ಣ ಹೂ. ಕೆಳಗಿನ ಒಂದು ಎಲೆ ಹಳದಿಯಾಗಿ ಬಿದ್ದುಹೋಯಿತು. ಇನ್ನೊಂದರ ಸುಕ್ಕು ಹಾಗೇ ಇದೆ, ಆದರೆ ಜಾಸ್ತಿ ಆಗಿಲ್ಲ. ಸುಳಿಯಿಂದ ಹೊಸ ಎಲೆ ಹೊರಟಿದೆ, ಹೆಬ್ಬೆರಳು ಉದ್ದ, ಗಟ್ಟಿಯಾಗಿದೆ.

ಎರಡು ಪ್ರಶ್ನೆ. ಮತ್ತೆ ಹೂ ಬರಲು ಏನು ಮಾಡಬೇಕು? ಮತ್ತೆ, ಎಲೆಯ ಕಂಕುಳಲ್ಲಿ ಒಂದು ಹಸಿರು ಮೊಳಕೆ ಇಣುಕುತ್ತಿದೆ. ದಂಡು ಅಲ್ವಾ?

ಬಿಳಲು:
ಹಳೇ ಸುಕ್ಕು ಹೋಗಲ್ಲ, ಅದನ್ನು ನೋಡಬೇಡಿ. ಹೊಸ ಎಲೆ ಗಟ್ಟಿ ಇದೆಯಲ್ಲ, ಸಾಕು. ಇನ್ನು ಗೊಬ್ಬರವೂ ಕೊಡಬಹುದು, ಡಬ್ಬಿಯ ಮೇಲೆ ಹೇಳಿದ್ದರ ಕಾಲು ಭಾಗ.

ಹೂವಿಗೆ ಬೇಕಾದದ್ದು ಬೆಳಕು ಮತ್ತು ತಂಪು. ಕೆಲವು ವಾರ 25 ಡಿಗ್ರಿಗಿಂತ ಕೆಳಗೆ ಇದ್ದರೆ ದಂಡು ಹೊರಡುತ್ತದೆ. 28 ಡಿಗ್ರಿ ದಾಟಿದ ಸೆಖೆಯಲ್ಲೇ ಇದ್ದರೆ ಎಲೆ ಮೇಲೆ ಎಲೆ, ಅಷ್ಟೇ. ಮೊಗ್ಗು ಬಂದ ಮೇಲೆ ಕುಂಡ ಅಲ್ಲಾಡಿಸಬೇಡಿ.

ಮೊಳಕೆಯ ತುದಿ ಹೇಗಿದೆ? ನಯವಾಗಿ ದುಂಡಗೆ, ಬೆಂಕಿಕಡ್ಡಿ ತಲೆಯ ಥರ ಇದ್ದರೆ ಬೇರು. ಹೆಬ್ಬೆರಳು ಮಾತ್ರ ಬೇರೆಯಾಗಿರುವ ಮಗುವಿನ ಕೈಗವಸಿನ ಥರ, ಒಂದು ಕಡೆ ಮಡಿಕೆ ಇದ್ದು ಚಪ್ಪಟೆಯಾಗಿದ್ದರೆ ದಂಡು.

ಕಿಟಕಿಮೂಲೆ:
ಟಾರ್ಚ್ ಹಾಕಿ ನೋಡಿದೆ. ಬೆಂಕಿಕಡ್ಡಿ. ದಂಡು ಕಟ್ಟಲು ಆಗಲೇ ಒಂದು ಕೋಲು ನೆಟ್ಟಿದ್ದೆ, ಈಗ ಕಿತ್ತೆ.