ಕ್ರ್ಯಾನ್‌ಬೆರಿ ಬೆಳೆಯುವುದು ಜೌಗಿನಲ್ಲೋ, ಗದ್ದೆಯಲ್ಲೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ವಾರೆನ್ಸ್ ಎಂಬ ಹಳ್ಳಿಯ ಕ್ರ್ಯಾನ್‌ಬೆರಿ (ಪುಟ್ಟ, ಕೆಂಪು, ಹುಳಿ ಹಣ್ಣು) ಹಬ್ಬ ನೋಡಿ ಬಂದೆ. 1973ರಿಂದ ಪ್ರತಿ ಸೆಪ್ಟೆಂಬರ್ ಕೊನೆಗೆ ನಡೆಯುತ್ತದೆ. ಊರು ಪುಟ್ಟದು, ಆ ಮೂರು ದಿನ ಮಾತ್ರ ಕಾಲಿಡಲು ಜಾಗ ಇಲ್ಲ. ಅದರ ಬಗ್ಗೆ ಬರೆಯಲು ಕೂತೆ. ಅಲ್ಲಿನ ಬೆಳೆಗಾರರು ತಮ್ಮ ಜಮೀನನ್ನು ‘ಮಾರ್ಷ್’ ಅನ್ನುತ್ತಾರೆ, ಮ್ಯಾಸಚೂಸೆಟ್ಸ್ ಕಡೆಯವರು ‘ಬಾಗ್’ ಅನ್ನುತ್ತಾರೆ. ಎರಡಕ್ಕೂ ನಾನು ‘ಜೌಗು’ ಅಂತ ಬರೆದೆ. ಓದಿದ ಅಮ್ಮ ಕೇಳಿದರು: “ಹಾಗಾದ್ರೆ ಹಣ್ಣು ತಾವರೆ ತರ ನೀರಲ್ಲೇ ಬಿಡುತ್ತಾ?”

ಎಡವಟ್ಟಾಗಿದ್ದು ಅಲ್ಲೇ. ಅದು ನೆಲಕ್ಕೆ ಹಬ್ಬುವ ಬಳ್ಳಿ. ಹುಳಿ ಮಣ್ಣು, ಮೇಲೆ ಮರಳು. ಬೆಳೆಯುವ ಕಾಲದಲ್ಲಿ ನೀರು ನಿಂತಿರುವುದಿಲ್ಲ. ಹಣ್ಣಾದ ಮೇಲೆ ತೂಬು ಎತ್ತಿ ನೀರು ಬಿಡುತ್ತಾರೆ. ಯಂತ್ರ ಹಾಯಿಸಿ ಬಳ್ಳಿ ಬಡಿದರೆ ಹಣ್ಣು ಕಳಚಿಕೊಳ್ಳುತ್ತದೆ, ಒಳಗೆ ನಾಲ್ಕು ಗಾಳಿಗೂಡು ಇರುವುದರಿಂದ ತೇಲುತ್ತದೆ. ಸುತ್ತ ತೇಲುಪಟ್ಟಿ ಹಾಕಿ ಮೂಲೆಗೆ ಎಳೆದು ತುಂಬಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಮತ್ತೆ ನೀರು. ಅದು ಹೆಪ್ಪುಗಟ್ಟಿ ಬಳ್ಳಿಗೆ ಹೊದಿಕೆಯಾಗುತ್ತದೆ. ಆ ಮಂಜುಗಡ್ಡೆ ಮೇಲೆ ಮರಳು ಚೆಲ್ಲಿದರೆ, ಕರಗಿದಾಗ ತಾನಾಗಿ ಬುಡಕ್ಕೆ ಇಳಿಯುತ್ತದೆ! ಗಾಳಿಗೆ ಮರಳು ಬಂದು ಬಿದ್ದ ಕಡೆ ಕಾಡುಬಳ್ಳಿ ಹುಲುಸಾಗಿದ್ದು ನೋಡಿ ಮರಳಿನ ಉಪಾಯ ಹಿಡಿದವನು ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನ ಹೆನ್ರಿ ಹಾಲ್, 1816ರ ಸುಮಾರಿಗೆ.

ಸಮತಟ್ಟು ನೆಲ, ಸುತ್ತ ಬದು, ನೀರು ಕಟ್ಟಲು ಬಿಡಲು ತೂಬು. ಇದು ಗದ್ದೆಯೇ ಅಲ್ವಾ? ಗದ್ದೆ ಅಂದರೆ ಭತ್ತವೇ ಕಣ್ಣಿಗೆ ಬರುತ್ತದೆ, ವರ್ಷವರ್ಷ ಉತ್ತು ನೆಡುವುದು ನೆನಪಾಗುತ್ತದೆ, ಇದೋ ಹತ್ತಾರು ವರ್ಷ ನಿಲ್ಲುವ ಬಳ್ಳಿ ಅಂತ ಗೆಳೆಯನ ತಕರಾರು. ಆದರೆ ಕಬ್ಬಿನ ಗದ್ದೆ ಅನ್ನುತ್ತೇವಲ್ಲ, ಕೊಯ್ದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಬೆಳೆಯಿದ್ದರೂ ಅದು ಗದ್ದೆಯೇ. ಕರಾವಳಿಯವರು ತಗ್ಗು ಎತ್ತರ ನೋಡಿ ಬೈಲು, ಮಜಲು, ಬೆಟ್ಟು ಅಂತ ಗದ್ದೆಗಳನ್ನು ಬೇರೆ ಮಾಡುತ್ತಾರೆ. ತಗ್ಗಿನಲ್ಲಿರುವ ‘ಬೈಲು’ ಇದಕ್ಕೆ ಹತ್ತಿರ. ಘಟ್ಟದ ಮೇಲಿನವರಿಗೆ ಅದು ಬರೀ ಬಯಲು ಅನ್ನಿಸಬಹುದು.

ಹಣ್ಣಿಗೆ ‘ಕವಳಿ’ ಅನ್ನಿ ಅಂತ ಕೆಲವರು ಹೇಳಿದರು. ಒಪ್ಪಲಾರೆ. ಕವಳಿ ಮುಳ್ಳಿನ ಗಿಡ, ಮುರಿದರೆ ಹಾಲು ಬರುತ್ತದೆ, ಕಣಗಿಲೆಯ ಕುಟುಂಬದ್ದು. ಕ್ರ್ಯಾನ್‌ಬೆರಿ ಬ್ಲೂಬೆರಿಯ ದಾಯಾದಿ. ಹುಳಿ ಬಿಟ್ಟರೆ ನಂಟಿಲ್ಲ. ಕ್ರ್ಯಾನ್‌ಬೆರಿ ಹೂವು ‘ಕ್ರೇನ್’ ಎಂಬ ಕೊಕ್ಕರೆಯಂಥ ಹಕ್ಕಿಯ ತಲೆಯ ಹಾಗಿದೆ ಅಂತ ಇಂಗ್ಲಿಷ್ ಹೆಸರು ಬಂತಂತೆ, ಅದಕ್ಕೆ ‘ಕೊಕ್ಕರೆ ಹಣ್ಣು’ ಅಂದ ನನ್ನ ಭಾವ. ಸುಮ್ನೆ ಕ್ರ್ಯಾನ್‌ಬೆರಿ ಅಂತಲೇ ಇರಲಿ.

ಹಬ್ಬಕ್ಕೆ ‘ಸುಗ್ಗಿ’ ಬರೆದು ಹೊಡೆದುಹಾಕಿದೆ. ಸುಗ್ಗಿ ಅಂದರೆ ನನಗೆ ಕಣ, ರಾಶಿ. ಅಲ್ಲಿ ಕೊಯ್ಲು ಆಗಷ್ಟೇ ಶುರು. ಇರುವುದು ಮೆರವಣಿಗೆ, ಸಾಲು ಅಂಗಡಿ, ಬಸ್ಸಿನಲ್ಲಿ ಕೂರಿಸಿ ಗದ್ದೆ ತೋರಿಸುವುದು. ದೇವರಿಲ್ಲದಿದ್ದರೂ ‘ಜಾತ್ರೆ’ ಅಂದರೆ ನಡೆಯುತ್ತದಾ?

ಇನ್ನೊಂದು. ‘ತೇಲುಪಟ್ಟಿ’ ನಾನೇ ಕಟ್ಟಿದ ಪದ. ನೀರಿನ ಮೇಲೆ ತೇಲುವುದನ್ನು ಸುತ್ತುವರಿದು ಎಳೆಯುವ ಹಗ್ಗಕ್ಕೋ ಪಟ್ಟಿಗೋ ನಿಮ್ಮ ಕಡೆಯ ಮೀನುಗಾರರು ಏನನ್ನುತ್ತಾರೆ?