ಗಾಜಿನ ಮೇಜಿನ ಮೇಲೆ ವೈರ್‌ಲೆಸ್ ಮೌಸ್ ತಡವರಿಸುವುದೇಕೆ?

ಪ್ರಶ್ನೆ: ಮನೆಯಲ್ಲಿ ಗಾಜಿನ ಮೇಜಿನ ಮೇಲೆ ವೈರ್‌ಲೆಸ್ ಆಪ್ಟಿಕಲ್ ಮೌಸ್ ಬಳಸುತ್ತಿದ್ದೇನೆ. ಕರ್ಸರ್ ಆಗಾಗ ನಿಂತುಬಿಡುತ್ತದೆ, ಇಲ್ಲವೇ ಎಲ್ಲಿಗೋ ಜಿಗಿಯುತ್ತದೆ. ಹೊಸ ಬ್ಯಾಟರಿ ಹಾಕಿದರೂ ಸರಿಹೋಗಿಲ್ಲ. ಬೇರೆ ಮೌಸ್ ಕೊಳ್ಳಲೇಬೇಕೇ?

ಉತ್ತರ 1: ದಯವಿಟ್ಟು ಈಗಲೇ ಕೊಳ್ಳಬೇಡಿ. ಆಪ್ಟಿಕಲ್ ಮೌಸ್ ತನ್ನ ಅಡಿಯಲ್ಲಿರುವ ಮೇಲ್ಮೈಗೆ ಬೆಳಕು ಚೆಲ್ಲಿ, ಸೆಕೆಂಡಿಗೆ 1000ಕ್ಕೂ ಹೆಚ್ಚು ಪುಟ್ಟ ಚಿತ್ರಗಳನ್ನು ತೆಗೆದು, ಒಂದನ್ನು ಮುಂದಿನದರೊಂದಿಗೆ ಹೋಲಿಸಿ ತಾನು ಎತ್ತ ಸರಿದೆನೆಂಬುದನ್ನು ಲೆಕ್ಕಹಾಕುತ್ತದೆ. ನಯವಾದ ಪಾರದರ್ಶಕ ಗಾಜಿನಲ್ಲಿ ಹೋಲಿಸಲು ಬೇಕಾದ ಗುರುತುಗಳೇ ಅದಕ್ಕೆ ಸಿಗುವುದಿಲ್ಲ. ಮೌಸ್ ಪ್ಯಾಡ್ ಇಲ್ಲದಿದ್ದರೆ ಸಾಧಾರಣ ಕಾಗದವೊಂದನ್ನು ಹಾಸಿ ನೋಡಿ. ವ್ಯತ್ಯಾಸ ತಕ್ಷಣವೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕಾಗದ ಹಾಸಿದ ಮೇಲೆ ಜಿಗಿತ ನಿಂತಿತು. ಆದರೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಡತಗಳನ್ನು ನಕಲಿಸುವಾಗ ಮಾತ್ರ ಕರ್ಸರ್ ಈಗಲೂ ತಡೆದು ತಡೆದು ಚಲಿಸುತ್ತದೆ.

ಉತ್ತರ 2: ಈ ವಿವರ ಬಹಳ ಮುಖ್ಯವಾದದ್ದು. ಯುಎಸ್‌ಬಿ 3.0 ಸಾಧನಗಳು (ಈಗಿನ ಹಲವು ಹೊರಗಿನ ಹಾರ್ಡ್ ಡಿಸ್ಕ್‌ಗಳು ಇಂಥವೇ) ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲವು, ಇಂತಹ ಮೌಸ್‌ಗಳು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತದೆ. ಮೌಸ್‌ನ ಸಂಕೇತ ಪಡೆಯಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರನ್ನು ಡಿಸ್ಕಿನ ಪಕ್ಕದ ಪೋರ್ಟಿನಿಂದ ತೆಗೆದು ಇನ್ನೊಂದು ಬದಿಗೆ ಹಾಕಿ. ಅದೂ ಸಾಲದಿದ್ದರೆ, ಚಿಕ್ಕದೊಂದು ಎಕ್ಸ್‌ಟೆನ್ಷನ್ ಕೇಬಲ್ ಜೋಡಿಸಿ ರಿಸೀವರನ್ನು ಮೌಸ್‌ನ ಹತ್ತಿರವೇ ಇರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಪರಿಹಾರ.